ಮಗಳಿಗೆ 13, ಒಂದೇ ಕಾಲು ಎರಡು ಸಲ ಉಳುಕಿದೆ, ಮತ್ತೆ ಖೋ ಖೋಗೆ ಕಳಿಸ್ಲಾ ಬೇಡ್ವಾ?

ಹಾಸನದಮ್ಮ:
ನಮಸ್ತೆ ಎಲ್ರಿಗೂ. ಮಗಳು ಎಂಟನೇ ಕ್ಲಾಸು, ಸ್ಕೂಲ್ ಖೋ ಖೋ ಟೀಮಲ್ಲಿದಾಳೆ. ಹೋದ ವರ್ಷ ಹೋಬಳಿ ಮಟ್ಟದ ಮ್ಯಾಚಲ್ಲಿ ಪೋಲ್ ಹತ್ರ ತಿರುಗೋವಾಗ ಬಲಗಾಲು ಉಳುಕ್ತು, ಊರಲ್ಲೇ ಎಣ್ಣೆ ಹಾಕಿ ನೀವಿಸಿ ಪಟ್ಟು ಕಟ್ಟಿಸಿದ್ವಿ, ಹತ್ತು ದಿನಕ್ಕೆ ಊತ ಇಳೀತು ಅಂತ ಆಡೋಕೆ ಹೋದ್ಲು, ಮೂರು ತಿಂಗಳಾಗಿತ್ತೋ ಇಲ್ವೋ ಅದೇ ಕಾಲು ಮತ್ತೆ. ಆಮೇಲೆ ನಮ್ಮನೆಯವ್ರು ಆಟ ಪೂರ್ತಿ ನಿಲ್ಲಿಸಿಬಿಟ್ರು. ಈಗ ಎಂಟು ತಿಂಗಳಾಯ್ತು. ನೋವಿಲ್ಲ ಅಂತಾಳೆ, ಆದ್ರೆ ದಪ್ಪ ಆಗಿದಾಳೆ, ಮೆಟ್ಟಿಲು ಹತ್ತಿದ್ರೆ ಏದುಸಿರು, ಸಂಜೆ ಆದ್ರೆ ಮೊಬೈಲು. ಈಗ ಪಿಟಿ ಸರ್ ತಾಲೂಕು ಮಟ್ಟಕ್ಕೆ ಕಳಿಸಿ ಅಂತ ಕೇಳ್ತಿದಾರೆ. ಏನ್ ಮಾಡ್ಲಿ?

ಮೈಸೂರು ಫಿಸಿಯೋ:
ಅಮ್ಮ, ನೋವು ಹೋಯ್ತು ಅಂದ್ರೆ ಕಾಲು ರೆಡಿ ಅಂತಲ್ಲ. ಉಳುಕಿದಾಗ ಲಿಗಮೆಂಟ್, ಅಂದ್ರೆ ಮೂಳೆಗೆ ಮೂಳೆ ಹಿಡಿದಿಡೋ ಪಟ್ಟಿ, ಹಿಗ್ಗೋದು ಒಂದು ಕಡೆ, ಪಾದ ಯಾವ ಕೋನದಲ್ಲಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸೋ ನರಗಳ ತುದಿಗಳೂ ಅಲ್ಲೇ ಇರ್ತವೆ, ಅವೂ ಹಾಳಾಗ್ತವೆ. ಅದಕ್ಕೇ ಮುಂದಿನ ಸಲ ಪಾದ ಹೊರಳೋವಾಗ ಸ್ನಾಯು ಹಿಡ್ಕೊಳ್ಳೋಷ್ಟ್ರಲ್ಲಿ ಹೊರಳಿ ಆಗಿರತ್ತೆ. ಒಂದು ಸಲ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕೋದು ಇದಕ್ಕೆ.

ಮನೇಲೇ ಒಂದು ನೋಡಿ: ಬರಿಗಾಲಲ್ಲಿ ಬಲಗಾಲ ಮೇಲೆ ಒಂಟಿ ನಿಲ್ಲಿಸಿ ಕಣ್ಣು ಮುಚ್ಚಿಸಿ ಎಣಿಸಿ, ಆಮೇಲೆ ಎಡಗಾಲು. ವ್ಯತ್ಯಾಸ ಗೊತ್ತಾಗತ್ತೆ. ದಿನಾ ಇದನ್ನೇ ಪ್ರಾಕ್ಟೀಸ್ ಮಾಡಿಸಿ, ಜೊತೆಗೆ ಒಂದೇ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸೋದು. ಆಮೇಲೆ ನಿಧಾನ ಓಟ, ಆಮೇಲೆ ತಿರುವು, ಪೋಲ್ ಹತ್ರ ತಿರುಗೋದು ಎಲ್ಲಕ್ಕಿಂತ ಕೊನೇಲಿ. ಒಂಟಿ ಕಾಲಲ್ಲಿ ಕುಪ್ಪಳಿಸಿದ್ರೆ ಬಲಗಾಲು ಎಡಗಾಲಿನ ದೂರದ 90 ಪರ್ಸೆಂಟ್ ಆದ್ರೂ ಹೋಗ್ಬೇಕು, ಅಲ್ಲೀವರೆಗೂ ಮ್ಯಾಚ್ ಬೇಡ.

ಇನ್ನೊಂದು, ಈ ವಯಸ್ಸಲ್ಲಿ ಮೂಳೆ ತುದೀಲಿ ಬೆಳವಣಿಗೆಯ ಮೆದು ಭಾಗ ಇನ್ನೂ ಮುಚ್ಚಿರಲ್ಲ, ಎಷ್ಟೋ ಸಲ ಅಲ್ಲಿ ಆಗಿರೋ ಪೆಟ್ಟು ಎಕ್ಸ್‌ರೇಲಿ ಕಾಣೋದೇ ಇಲ್ಲ. ಹೊರಗಿನ ಗಿಣ್ಣಿನ ಮೂಳೆ ಒತ್ತಿದ್ರೆ ಈಗ್ಲೂ ನೋವು ಅಂದ್ರೆ ಮೂಳೆ ಡಾಕ್ಟ್ರಿಗೆ ತೋರಿಸಿ. ಊದಿರೋ ಕಾಲನ್ನ ಎಳೆದು ನೀವಿಸೋದಂತೂ ಇನ್ಮೇಲೆ ಬೇಡ.

ಹಳೇ ರನ್ನರ್:
ನಾನು ದಾವಣಗೆರೆ ಕಡೆಯವ್ನು, ಒಂಬತ್ತನೇ ಕ್ಲಾಸಲ್ಲಿ ಮೊಣಕಾಲಿಗೆ ಏಟು ಬಿದ್ದಾಗ ಕ್ರೇಪ್ ಬ್ಯಾಂಡೇಜ್ ಸುತ್ಕೊಂಡು ಫೈನಲ್ ಆಡ್ದೋನು, ಎಲ್ರೂ ಭೇಷ್ ಅಂದ್ರು, ಟ್ರೋಫಿ ಸ್ಕೂಲ್ ಕಪಾಟಲ್ಲಿದೆ, ನೋವು ನನ್ ಹತ್ರ ಇದೆ 😄 ಈಗ 34, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತ್ರೆ ಏಳೋಕೆ ಯಾರಾದ್ರೂ ಕೈ ಕೊಡ್ಬೇಕು. ಆದ್ರೆ ಅದಕ್ಕಿಂತ ಕೆಟ್ಟದ್ದು ಅಂದ್ರೆ ಆಟ ಬಿಟ್ಟ ಎರಡೇ ವರ್ಷದಲ್ಲಿ ಒಂದೇ ಸಮ ತೂಕ ಏರಿದ್ದು. ಆಡೋವಾಗಿನ ಊಟ ಹಾಗೇ ಇತ್ತು, ಓಟ ಮಾತ್ರ ಇರ್ಲಿಲ್ಲ. ಖೋ ಖೋ ನಿಲ್ಸಿ ಬೇಕಾದ್ರೆ, ಓಡಾಟ ನಿಲ್ಲಿಸ್ಬೇಡಿ.

ಮೈಸೂರು ಫಿಸಿಯೋ:
ಇದು ಸರಿ. ಈ ವಯಸ್ಸಿನವ್ರಿಗೆ ದಿನಕ್ಕೆ 60 ನಿಮಿಷ ಮೈ ಬೆವರೋ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳತ್ತೆ. ಸೈಕಲ್ಲು, ಈಜು ಇದ್ರೆ ಗಿಣ್ಣಿಗೆ ಏಟಿಲ್ಲ. ತೂಕದ ಬಗ್ಗೆ ಮಾತ್ರ ಮಗು ಎದುರಿಗೆ ಆಡ್ಕೋಬೇಡಿ, ಹೈಟ್ ಏರೋ ಟೈಮಲ್ಲಿ ಹೆಣ್ಮಕ್ಕಳಿಗೆ ಸ್ವಲ್ಪ ಮೈ ತುಂಬೋದು ಸಹಜ.

ಎರಡು ಮಕ್ಳ ಅಪ್ಪ:
ಪಿಟಿ ಸರ್‌ಗೂ ಒಂದ್ ಮಾತು ಹೇಳಿ ಮೇಡಂ. ನಮ್ಮ ಕಡೆ ವಾರ್ಮಪ್ ಅಂದ್ರೆ ಗ್ರೌಂಡ್ ಎರಡು ರೌಂಡ್ ಓಡಿ ಬನ್ನಿ, ಮುಗೀತು. ಫುಟ್ಬಾಲಲ್ಲಿ ಫಿಫಾ 11 ಪ್ಲಸ್ ಅಂತಿದೆ, 20 ನಿಮಿಷದ್ದು, ಒಂಟಿ ಕಾಲ ಬ್ಯಾಲೆನ್ಸು, ಜಿಗಿದು ಸರಿಯಾಗಿ ಇಳಿಯೋದು ಎಲ್ಲಾ ಇದೆ, ಮೊಬೈಲಲ್ಲಿ ವಿಡಿಯೋ ಸಿಗತ್ತೆ. ನನ್ ಮಗನ ಟೀಮಿಗೆ ನಾವೇ ಪೇರೆಂಟ್ಸ್ ಜಗಳ ಮಾಡಿ ಶುರು ಮಾಡಿಸಿದ್ದು.

ಹಾಸನದಮ್ಮ:
ಈಗಷ್ಟೇ ನಿಲ್ಲಿಸಿ ನೋಡಿದೆ. ಎಡಗಾಲಲ್ಲಿ 26 ಎಣಿಸಿದೆ, ಬಲಗಾಲಲ್ಲಿ 5ಕ್ಕೇ ಗೋಡೆ ಹಿಡ್ಕೊಂಡ್ಲು. ಅವ್ಳಿಗೇ ಆಶ್ಚರ್ಯ, "ಅಮ್ಮಾ ನೋವೇ ಇಲ್ವಲ್ಲ" ಅಂತಾಳೆ. ಈ ಸಲ ತಾಲೂಕು ಬೇಡ ಅಂತ ಸರ್‌ಗೆ ಮೆಸೇಜ್ ಹಾಕ್ದೆ. ದಿನಕ್ಕೆ ಎಷ್ಟು ಸಲ ಮಾಡಿಸ್ಲಿ?

ಮೈಸೂರು ಫಿಸಿಯೋ:
ಬೆಳಿಗ್ಗೆ ಹಲ್ಲುಜ್ಜೋವಾಗ ಒಂದ್ಸಲ, ರಾತ್ರಿ ಒಂದ್ಸಲ. ಮೊದಲ ವಾರ ಕಣ್ಣು ತೆರೆದೇ ಮಾಡ್ಲಿ, ಗೋಡೆ ಪಕ್ಕದಲ್ಲೇ ಇರ್ಲಿ.