ಅಡ್ಮಿಟ್ ಬಂದಿದೆ, ಆದರೆ ಅಮೆರಿಕದ ಕಾಲೇಜು ಆಫೀಸ್‌ಗಳಿಂದ ಸ್ಪಷ್ಟ ಉತ್ತರ ಬರ್ತಿಲ್ಲ

ಪ್ರಶ್ನೆ (ಎಂಎಸ್‌ಗೆ ಹೊರಟಿರುವ ವಿದ್ಯಾರ್ಥಿನಿ):

ನಮಸ್ತೆ ಮೇಡಂ. ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ಫಾಲ್ ಸೆಮಿಸ್ಟರ್‌ಗೆ ಅಡ್ಮಿಟ್ ಬಂದಿದೆ. ವಿದ್ಯಾರ್ಥಿ ವೀಸಾಗೆ ಬೇಕಾದ ಐ-20 ಪತ್ರ ಯಾವಾಗ ಕೊಡ್ತಾರೆ, ಡೆಪಾಸಿಟ್ ಕಟ್ಟಿದ ಮೇಲೆ ವೀಸಾ ಸಿಗದಿದ್ದರೆ ದುಡ್ಡು ವಾಪಸ್ ಬರುತ್ತಾ, ಬ್ಯಾಂಕ್ ಪತ್ರದಲ್ಲಿ ಎಷ್ಟು ತೋರಿಸಬೇಕು, ಕ್ಯಾಂಪಸ್‌ನಲ್ಲಿ ಕೆಲಸ ಸಿಗುತ್ತಾ ಅಂತ ಎಲ್ಲಾ ಒಂದೇ ಮೇಲ್‌ನಲ್ಲಿ ಬರೆದು ಅಡ್ಮಿಷನ್ ಆಫೀಸ್‌ಗೆ ಕಳಿಸಿದೆ. ಒಂದು ಲಿಂಕ್ ಕಳಿಸಿ ಇದನ್ನು ನೋಡಿ ಅಂದರು. ಮತ್ತೆ ಕೇಳಿದರೆ ಬೇರೆ ಆಫೀಸ್‌ಗೆ ಬರೆಯಿರಿ ಅಂದರು. ಆ ಆಫೀಸ್‌ನವರು ವಾಪಸ್ ಅಡ್ಮಿಷನ್‌ನವರನ್ನೇ ಕೇಳಿ ಅಂತಿದ್ದಾರೆ. ಯಾರನ್ನ ಕೇಳೋದು, ಹೇಗೆ ಕೇಳೋದು?

ಉತ್ತರ (ಅಮೆರಿಕದ ವಿಶ್ವವಿದ್ಯಾಲಯವೊಂದರ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಸಲಹೆಗಾರ್ತಿ):

ನಮಸ್ತೆ, ಮೊದಲು ಅಭಿನಂದನೆ. ನಿಮ್ಮ ನಾಲ್ಕು ಪ್ರಶ್ನೆಗಳಿಗೂ ಉತ್ತರ ಇದೆ. ಆದರೆ ಅವು ಬೇರೆ ಬೇರೆ ಆಫೀಸ್‌ಗಳಲ್ಲಿವೆ. ಮೇಲ್ ಓದಿದವರಿಗೆ ತಮ್ಮ ಪಾಲಿನದು ಒಂದೇ ಕಂಡಿರುತ್ತೆ. ಉಳಿದಿದ್ದಕ್ಕೆ ಕೈ ಹಾಕೋದು ಬೇಡ ಅಂತ ಲಿಂಕ್ ಕಳಿಸಿರುತ್ತಾರೆ. ಅವರಿಗೆ ನಿಮ್ಮ ಮೇಲೆ ಅಸಡ್ಡೆ ಅಂತ ಅಂದುಕೊಳ್ಳಬೇಡಿ. ವೀಸಾ ವಿಷಯದಲ್ಲಿ ಯಾರೋ ಒಂದು ತಪ್ಪು ಮಾತು ಹೇಳಿದರೆ ಅದರ ಪೆಟ್ಟು ಬೀಳೋದು ವಿದ್ಯಾರ್ಥಿಗೆ. ಆ ಹೆದರಿಕೆಯಿಂದಲೇ ಬೇರೆ ವಿಭಾಗದವರು ಆ ಮಾತು ಎತ್ತೋದಿಲ್ಲ.

ಯಾವುದು ಯಾರ ಕೈಯಲ್ಲಿದೆ ಅಂತ ತಿಳ್ಕೊಂಡರೆ ಅರ್ಧ ಕೆಲಸ ಮುಗೀತು. ಪ್ರವೇಶದ ಪತ್ರ, ಅದರಲ್ಲಿರುವ ಷರತ್ತುಗಳು, ಅಂಕಪಟ್ಟಿ, ಮುಂದಿನ ಸೆಮಿಸ್ಟರ್‌ಗೆ ಮುಂದೂಡೋದು ಇವೆಲ್ಲ ಅಡ್ಮಿಷನ್ ಆಫೀಸ್. ಐ-20 ನಮ್ಮ ಕಚೇರಿಯದು. ಅದಕ್ಕೆ ಸಹಿ ಹಾಕೋ ಅಧಿಕಾರ ಇರೋದು ಡಿಎಸ್‌ಒ ಅಂತ ಕರೆಯುವ ಅಧಿಕಾರಿಗಳಿಗೆ ಮಾತ್ರ. ಎಷ್ಟೇ ದೊಡ್ಡ ಪ್ರೊಫೆಸರ್ ಆದರೂ ಐ-20 ಕೊಡಿಸಲು ಆಗಲ್ಲ. ಫೀಸ್ ಬಿಲ್, ಕಂತು, ರೀಫಂಡ್ ನೋಡೋದು ಬರ್ಸರ್ ಆಫೀಸ್. ಕೆಲವು ಕಡೆ ಅದನ್ನೇ ಸ್ಟೂಡೆಂಟ್ ಅಕೌಂಟ್ಸ್ ಅಂತಾರೆ. ಕೋರ್ಸ್ ರಿಜಿಸ್ಟ್ರೇಷನ್ ವ್ಯವಸ್ಥೆ ರಿಜಿಸ್ಟ್ರಾರ್ ಹತ್ತಿರ. ಲಸಿಕೆ ದಾಖಲೆ ಹೆಲ್ತ್ ಸೆಂಟರ್ ಹತ್ತಿರ. ಅದನ್ನು ಕೊಡದೇ ಇದ್ದರೆ ರಿಜಿಸ್ಟ್ರೇಷನ್‌ಗೆ ಹೋಲ್ಡ್ ಬೀಳಬಹುದು, ಹಾಗಾಗಿ ಈಗಲೇ ವಿಚಾರಿಸಿ.

ಮಾಸ್ಟರ್ಸ್‌ಗೆ ಬರೋರು ಸಾಮಾನ್ಯವಾಗಿ ಮರೆಯೋ ಒಬ್ಬರಿದ್ದಾರೆ: ನಿಮ್ಮ ವಿಭಾಗದ ಪ್ರೋಗ್ರಾಂ ಕೋಆರ್ಡಿನೇಟರ್. ಯಾವ ಕೋರ್ಸ್ ಯಾವಾಗ ಇರುತ್ತೆ, ಯಾರ ಸಹಿ ಬೇಕು, ಯಾವ ಆಫೀಸ್‌ನಲ್ಲಿ ಯಾರು ಬೇಗ ಉತ್ತರ ಕೊಡ್ತಾರೆ ಎಲ್ಲಾ ಅವರಿಗೆ ಗೊತ್ತಿರುತ್ತೆ. ಎಲ್ಲಿ ಕೇಳಬೇಕು ಅಂತಲೇ ಗೊತ್ತಾಗದ ಪ್ರಶ್ನೆಯನ್ನು ಅವರಿಗೆ ಕಳಿಸಿ.

ಇನ್ನು ಹೇಗೆ ಕೇಳೋದು. 'ಬ್ಯಾಂಕ್ ಪತ್ರದಲ್ಲಿ ಎಷ್ಟು ತೋರಿಸಬೇಕು' ಅಂತ ಕೇಳಿದರೆ ಲಿಂಕೇ ಬರೋದು, ಯಾಕೆಂದರೆ ಮೊತ್ತ ಆ ಪುಟದಲ್ಲೇ ಇದೆ. ಸಾಮಾನ್ಯವಾಗಿ ಮೊದಲ ಒಂದು ವರ್ಷದ ಫೀಸು ಮತ್ತು ಜೀವನ ಖರ್ಚಿಗೆ ಸಾಲುವಷ್ಟು ಹಣ ತೋರಿಸಬೇಕು. ನಿಖರ ಅಂಕಿ ಪ್ರತಿ ಕಾಲೇಜಿನದೂ ಬೇರೆ. ಅದನ್ನು ಓದಿದ ಮೇಲೂ ಏನು ಗೊತ್ತಾಗಲಿಲ್ಲ, ಅದನ್ನಷ್ಟೇ ಕೇಳಿ. ನೀವು ಇಂಗ್ಲಿಷ್‌ನಲ್ಲಿ ಬರೆಯೋ ಮೇಲ್‌ನ ಸಾರ ಹೀಗಿರಲಿ:

'ನಾನು ಫಾಲ್ ಸೆಮಿಸ್ಟರ್‌ಗೆ ಆಯ್ಕೆಯಾದ ಎಂಎಸ್ ವಿದ್ಯಾರ್ಥಿನಿ, ನನ್ನ ವಿದ್ಯಾರ್ಥಿ ಸಂಖ್ಯೆ ಇಂಥದ್ದು. ಜೂನ್ 3ರಂದು ಸಾಲ ಮಂಜೂರಾತಿ ಪತ್ರವನ್ನು ಪೋರ್ಟಲ್‌ಗೆ ಹಾಕಿದ್ದೇನೆ. ಸ್ಥಿತಿ ಇನ್ನೂ ಅಪೂರ್ಣ ಅಂತ ತೋರಿಸುತ್ತಿದೆ. ಸಾಲದ ಪತ್ರ ನಡೆಯುತ್ತದೆ ಎಂದು ನಿಮ್ಮ ಸೂಚನೆಯಲ್ಲಿ ಓದಿದ್ದೇನೆ. ಸಾಲ ನನ್ನ ಮತ್ತು ತಂದೆಯ ಜಂಟಿ ಹೆಸರಿನಲ್ಲಿದೆ. ಇದಕ್ಕೆ ತಂದೆಯಿಂದ ಬೇರೆ ಸ್ಪಾನ್ಸರ್ ಪತ್ರ ಬೇಕೇ?'

ಈ ಮೇಲ್ ನನ್ನ ಮುಂದೆ ಬಂದರೆ ನಾನು ನಿಮ್ಮ ಫೈಲ್ ತೆಗೆದು ಎರಡು ನಿಮಿಷದಲ್ಲಿ ಬೇಕು ಅಥವಾ ಬೇಡ ಅಂತ ಬರೀತೀನಿ. ನಿಮ್ಮ ಮೊದಲ ಮೇಲ್ ಬಂದಿದ್ದರೆ ಆಮೇಲೆ ನೋಡೋಣ ಅಂತ ಪಕ್ಕಕ್ಕೆ ಹೋಗ್ತಿತ್ತು. ಬೇಸಿಗೆಯಲ್ಲಿ ನಮ್ಮ ಇನ್‌ಬಾಕ್ಸ್ ಹೇಗಿರುತ್ತೆ ಅಂದರೆ, ಯಾರ ಮೇಲ್‌ಗೆ ಬೇಗ ಉತ್ತರ ಕೊಡಬಹುದೋ ಅದೇ ಮೊದಲು ಮುಗಿಯೋದು. ಒಂದು ಮೇಲ್, ಒಂದು ಆಫೀಸ್, ಒಂದು ವಿಷಯ. ವಿದ್ಯಾರ್ಥಿ ಸಂಖ್ಯೆ ಸಬ್ಜೆಕ್ಟ್ ಲೈನ್‌ನಲ್ಲೇ ಇರಲಿ. ಪಾಸ್‌ಪೋರ್ಟ್ ಪ್ರತಿಯನ್ನು ಮಾತ್ರ ಮೇಲ್‌ನಲ್ಲಿ ಕಳಿಸಬೇಡಿ, ಪೋರ್ಟಲ್‌ಗೇ ಹಾಕಿ.

ಡೆಪಾಸಿಟ್ ವಿಷಯ ಬರ್ಸರ್‌ನದಲ್ಲ, ಬಹುತೇಕ ಕಡೆ ಅಡ್ಮಿಷನ್‌ನವರದ್ದು. 'ವಾಪಸ್ ಬರುತ್ತಾ' ಅನ್ನೋ ಬದಲು 'ವೀಸಾ ನಿರಾಕರಣೆಯಾದರೆ ವಾಪಸ್ ಬರುತ್ತಾ, ಯಾವ ದಾಖಲೆ ತೋರಿಸಬೇಕು, ಯಾವ ದಿನಾಂಕದ ಒಳಗೆ ತಿಳಿಸಬೇಕು' ಅಂತ ಕೇಳಿ. ದುಡ್ಡು ಕಟ್ಟುವ ಮೊದಲು ಕೇಳಿ.

ಕ್ಯಾಂಪಸ್ ಕೆಲಸದ ಬಗ್ಗೆ: ಎಫ್-1 (ಅಂದರೆ ವಿದ್ಯಾರ್ಥಿ ವೀಸಾ) ಮೇಲೆ ಬಂದವರು ತರಗತಿ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಸಿಗುತ್ತಾ ಅನ್ನೋದಕ್ಕೆ ಯಾವ ಆಫೀಸೂ ಭರವಸೆ ಕೊಡಲ್ಲ. ಅದನ್ನು ನಂಬಿ ಬಜೆಟ್ ಹಾಕಬೇಡಿ.

ಪ್ರಶ್ನೆ (ಒಬ್ಬ ತಂದೆ):

ಮೇಡಂ, ನನ್ನ ಮಗಳಿಗೆ ಪದವಿಗೆ ಸೀಟು ಸಿಕ್ಕಿದೆ. ಫೀಸ್ ಕಟ್ಟೋನು ನಾನು. ಆದರೂ ಬಿಲ್ ಬಗ್ಗೆ ಕೇಳಿ ಮೇಲ್ ಹಾಕಿದರೆ 'ನಿಮ್ಮ ಜೊತೆ ಮಾತಾಡಲು ಆಗಲ್ಲ' ಅಂತ ಬರೆದಿದ್ದಾರೆ. ಇದು ಸರೀನಾ?

ಉತ್ತರ:

ಸರ್, ಬೇಸರ ಆಗೋದು ಸಹಜ. ಆದರೆ ಅವರು ಕಾನೂನು ಪಾಲಿಸ್ತಿದ್ದಾರೆ. ಅಮೆರಿಕದಲ್ಲಿ 1974ರಿಂದ ಫರ್ಪಾ ಅನ್ನೋ ಕಾಯ್ದೆ ಇದೆ. ವಿದ್ಯಾರ್ಥಿ ಕಾಲೇಜು ಮೆಟ್ಟಿಲು ಹತ್ತಿದ ಮೇಲೆ, ವಯಸ್ಸು ಎಷ್ಟೇ ಇರಲಿ, ಅವರ ಶೈಕ್ಷಣಿಕ ದಾಖಲೆಯ ಮೇಲಿನ ಹಕ್ಕು ಅವರದ್ದೇ. ಫೀಸ್ ಖಾತೆಯೂ ಅದರಲ್ಲಿ ಬರುತ್ತೆ. ಮಗಳ ಹೆಸರಿನಲ್ಲಿ ನೀವೇ ಮೇಲ್ ಬರೆಯೋದು ಬೇಡ. ಗೊತ್ತಾದರೆ ನಂಬಿಕೆ ಕೆಡುತ್ತೆ.

ದಾರಿ ಇದೆ. ಬಹಳಷ್ಟು ಕಾಲೇಜುಗಳ ಪೋರ್ಟಲ್‌ನಲ್ಲಿ ಮಗಳು ನಿಮ್ಮನ್ನು ಅಧಿಕೃತ ಪಾವತಿದಾರ ಅಂತ ಸೇರಿಸಬಹುದು. ಆಗ ಬಿಲ್ ನಿಮಗೂ ಕಾಣುತ್ತೆ. ಆಫೀಸ್‌ನವರು ನಿಮ್ಮ ಜೊತೆ ಮಾತಾಡಬೇಕು ಅಂದರೆ ಬೇರೆ ಒಪ್ಪಿಗೆ ಪತ್ರ ಇರುತ್ತೆ, ಅದಕ್ಕೂ ಅವಳೇ ಸಹಿ ಹಾಕಬೇಕು. ಇವೆರಡೂ ಬೇರೆ ಬೇರೆ. ಒಂದನ್ನು ಮಾಡಿ ಇನ್ನೊಂದೂ ಆಯ್ತು ಅಂದುಕೊಂಡು ಕಾಯುವ ಅಪ್ಪ ಅಮ್ಮಂದಿರು ಜಾಸ್ತಿ. ನನ್ನ ಮಾತು ಕೇಳೋದಾದರೆ, ಮೇಲ್ ಅವಳೇ ಬರೆಯಲಿ, ನೀವು ಪಕ್ಕದಲ್ಲಿ ಕೂತು ಏನು ಕೇಳಬೇಕು ಅಂತ ಹೇಳಿ. ಅಲ್ಲಿಗೆ ಹೋದ ಮೇಲೆ ಅವಳೇ ತಾನೇ ಕೇಳಬೇಕಿರೋದು.

ಪ್ರಶ್ನೆ:

ಅಕ್ಕ, ನಂಗೆ ಎಂಬಿಎ ಅಡ್ಮಿಟ್ ಬಂದಿದೆ. 'ಇದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪ್ರೋಗ್ರಾಂ ತಾನೇ' ಅಂತ ಕೇಳಿದರೆ ಅಡ್ಮಿಷನ್‌ನವರು 'ನಮ್ಮ ವಿದ್ಯಾರ್ಥಿಗಳಿಗೆ ಬಹಳ ಒಳ್ಳೆ ಅವಕಾಶಗಳಿವೆ' ಅಂತ ಉತ್ತರ ಕೊಟ್ಟರು. ಹೌದು ಅಂತಾನಾ ಇಲ್ಲ ಅಂತಾನಾ?

ಉತ್ತರ:

ಎರಡೂ ಅಲ್ಲ. ಇದನ್ನ ಉತ್ತರ ಅಂತ ಲೆಕ್ಕಕ್ಕೇ ಇಟ್ಕೋಬೇಡಿ. ಈ ಪ್ರಶ್ನೆ ನಿಮ್ಮ ಎರಡು ವರ್ಷಕ್ಕೆ ಸಂಬಂಧಪಟ್ಟದ್ದು, ಹಾಗಾಗಿ ಗಟ್ಟಿಯಾಗಿ ಕೇಳಲೇಬೇಕು.

ಓದು ಮುಗಿದ ಮೇಲೆ ಒಪಿಟಿ ಅನ್ನೋ ಕೆಲಸದ ಅನುಮತಿ ಅಡಿ 12 ತಿಂಗಳು ಕೆಲಸ ಮಾಡಬಹುದು. ಸ್ಟೆಮ್ ಪದವಿಯಾದರೆ ಇನ್ನೂ 24 ತಿಂಗಳ ವಿಸ್ತರಣೆಗೆ ಅರ್ಜಿ ಹಾಕಬಹುದು. ಇದು ತೀರ್ಮಾನ ಆಗೋದು ಜಾಹೀರಾತಿನ ಮೇಲಲ್ಲ, ಸಿಐಪಿ ಕೋಡ್ ಮೇಲೆ. ಪ್ರತಿ ಪ್ರೋಗ್ರಾಂಗೂ ಆರು ಅಂಕಿಯ ಒಂದು ಕೋಡ್ ಇರುತ್ತೆ, ಅದು ಐ-20ಯಲ್ಲಿ ವಿಷಯದ ಪಕ್ಕ ಅಚ್ಚಾಗಿರುತ್ತೆ. ಎಂಬಿಎ ಅಂತಲೇ ಹೆಸರಿರುವ ಎರಡು ಪ್ರೋಗ್ರಾಂಗಳಲ್ಲಿ ಒಂದಕ್ಕೆ 52.0201 ಇರಬಹುದು, ಅದು ಸಾಮಾನ್ಯ ಬಿಸಿನೆಸ್ ಅಡ್ಮಿನಿಸ್ಟ್ರೇಷನ್, ಸ್ಟೆಮ್ ಪಟ್ಟಿಯಲ್ಲಿ ಇಲ್ಲ. ಇನ್ನೊಂದಕ್ಕೆ 52.1301 ಇರಬಹುದು, ಅದು ಮ್ಯಾನೇಜ್‌ಮೆಂಟ್ ಸೈನ್ಸ್, ಪಟ್ಟಿಯಲ್ಲಿ ಇದೆ. ಪಟ್ಟಿಯನ್ನು ಅಮೆರಿಕದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ ಪ್ರಕಟಿಸುತ್ತೆ, ಯಾರು ಬೇಕಾದರೂ ನೋಡಬಹುದು.

ಹಾಗಾಗಿ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಒಂದೇ ಸಾಲು ಬರೆಯಿರಿ: 'ನನ್ನ ಐ-20ಯಲ್ಲಿ ಯಾವ ಸಿಐಪಿ ಕೋಡ್ ಬರುತ್ತದೆ?' ಆರು ಅಂಕಿಗಳಲ್ಲೇ ಉತ್ತರ ಬರಬೇಕು. ಸುತ್ತಿ ಬಳಸಿ ಹೇಳೋಕೆ ಅಲ್ಲಿ ಜಾಗವೇ ಇಲ್ಲ. ಒಂದು ವಿಷಯದಲ್ಲಿ ವಿಶೇಷ ಅಧ್ಯಯನ ಆರಿಸಿಕೊಂಡರೆ ಮಾತ್ರ ಸ್ಟೆಮ್ ಅಂತ ಅವರು ಹೇಳಿದರೆ, ಯಾವ ಸೆಮಿಸ್ಟರ್‌ನಲ್ಲಿ ಆರಿಸಬೇಕು ಮತ್ತು ಐ-20 ಯಾವಾಗ ಬದಲಾಗುತ್ತೆ ಅಂತ ಆಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ:

ಪಿಎಚ್‌ಡಿಗೆ ಆಯ್ಕೆಯಾಗಿದ್ದೀನಿ. ಪ್ರೊಫೆಸರ್ ವಿಡಿಯೋ ಕಾಲ್‌ನಲ್ಲಿ 'ಫಂಡಿಂಗ್ ಚಿಂತೆ ಬೇಡ' ಅಂದರು. ವಿಭಾಗದ ಆಫೀಸ್ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ ಅಂತಿದೆ. ಯಾರ ಮಾತು ನಂಬಲಿ?

ಉತ್ತರ:

ಆಫೀಸ್ ಮಾತು. ಪ್ರೊಫೆಸರ್ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಐ-20ಯಲ್ಲಿ ನಿಮ್ಮ ಖರ್ಚನ್ನು ವಿಶ್ವವಿದ್ಯಾಲಯ ಭರಿಸುತ್ತೆ ಅಂತ ನಾನು ಹಾಕಬೇಕಾದರೆ ನನಗೆ ಸಹಿ ಇರುವ ಪತ್ರ ಬೇಕು. ಕಾಲ್‌ನಲ್ಲಿ ಆಡಿದ ಮಾತು ನಡೆಯಲ್ಲ.

ಪತ್ರ ಬಂದಾಗ ಸ್ಟೈಪೆಂಡ್ ಎಷ್ಟು ಅಂತ ಮಾತ್ರ ನೋಡಿ ಖುಷಿಪಡಬೇಡಿ. ಟ್ಯೂಷನ್ ಪೂರ್ತಿ ಮನ್ನಾನಾ? ಟ್ಯೂಷನ್ ಅಲ್ಲದ ಇತರ ಶುಲ್ಕಗಳು ಯಾರ ತಲೆ ಮೇಲೆ? ಆರೋಗ್ಯ ವಿಮೆ ಸೇರಿದೆಯಾ? 9 ತಿಂಗಳಿಗಾ 12 ತಿಂಗಳಿಗಾ? ಎಷ್ಟು ವರ್ಷಕ್ಕೆ, ಏನು ಷರತ್ತಿನ ಮೇಲೆ? ಪತ್ರದಲ್ಲಿ ಇಲ್ಲದ್ದನ್ನು ಕೋಆರ್ಡಿನೇಟರ್‌ಗೆ ಕೇಳಿ. 'ಇತರ ಶುಲ್ಕ' ಅನ್ನೋ ಸಾಲನ್ನು ವಿದ್ಯಾರ್ಥಿಗಳು ನೋಡೋದೇ ಇಲ್ಲ. ಮೊದಲ ಸ್ಟೈಪೆಂಡ್ ಕೈಗೆ ಬರೋ ಮೊದಲೇ ಆ ಬಿಲ್ ಬಂದಿರುತ್ತೆ. ಅದರ ಕಷ್ಟ ನೋಡಿ ನೋಡಿ ಹೇಳ್ತಿದ್ದೀನಿ.

'ನಾಳೆಯೊಳಗೆ ಒಪ್ಪಿಕೊಳ್ಳಿ' ಅಂತ ಒತ್ತಾಯ ಬಂದರೆ ಇದು ನೆನಪಿರಲಿ: ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್‌ನ ಒಂದು ಒಪ್ಪಂದ ಇದೆ. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಆರ್ಥಿಕ ನೆರವಿನ ಆಫರ್‌ಗೆ ಏಪ್ರಿಲ್ 15ಕ್ಕಿಂತ ಮೊದಲು ಉತ್ತರ ಕೊಡಲೇಬೇಕು ಅಂತ ಕಟ್ಟುಪಾಡು ಹಾಕುವಂತಿಲ್ಲ. ನಿಮ್ಮ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿದೆಯಾ ನೋಡಿ, ವಿನಯದಿಂದಲೇ ಅದನ್ನು ಉಲ್ಲೇಖಿಸಿ.

ಪ್ರಶ್ನೆ:

ಮೇಡಂ, ವೀಸಾ ಸ್ಲಾಟ್ ತಡವಾಗಿ ಸಿಕ್ಕಿದೆ. ತರಗತಿ ಶುರುವಾದ ಮೇಲೆ ಹೋಗಬಹುದಾ? ಒಂದು ಆಫೀಸ್ ಹೌದು ಅನ್ನುತ್ತೆ, ಇನ್ನೊಂದು ಇಲ್ಲ ಅನ್ನುತ್ತೆ.

ಉತ್ತರ:

ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗೇ ಹೇಳಿರಬಹುದು. ತರಗತಿಗೆ ತಡವಾಗಿ ಸೇರಿಸಿಕೊಳ್ಳೋದು ವಿಭಾಗದ ತೀರ್ಮಾನ. ಐ-20ಯಲ್ಲಿರುವ ಶುರುವಿನ ದಿನಾಂಕ ಡಿಎಸ್‌ಒ ಕೈಯಲ್ಲಿದೆ. ಮೊದಲು ವಿಭಾಗದಿಂದ 'ಇಂಥ ದಿನಾಂಕದವರೆಗೆ ಬರಬಹುದು' ಅಂತ ಬರಹದಲ್ಲಿ ತಗೊಳ್ಳಿ. ಅದನ್ನು ಡಿಎಸ್‌ಒಗೆ ಫಾರ್ವರ್ಡ್ ಮಾಡಿ, ದಿನಾಂಕ ಬದಲಾದ ಐ-20 ಬೇಕಾ ಅಂತ ಕೇಳಿ. ಅವರ ಉತ್ತರ ಕೈಗೆ ಬರೋವರೆಗೆ ಹಳೇ ದಿನಾಂಕ ದಾಟಿರುವ ಐ-20 ಹಿಡಿದು ವಿಮಾನ ಹತ್ತಬೇಡಿ. ತೀರಾ ಬೇಗ ಹೋಗೋಕೂ ಆಗಲ್ಲ. ಹೊಸ ಎಫ್-1 ವಿದ್ಯಾರ್ಥಿ ಶುರುವಿನ ದಿನಾಂಕಕ್ಕೆ 30 ದಿನಕ್ಕಿಂತ ಮೊದಲು ಅಮೆರಿಕ ಪ್ರವೇಶಿಸುವಂತಿಲ್ಲ.

ಆಗಲ್ಲ ಅಂದರೆ ಮುಂದಿನ ಸೆಮಿಸ್ಟರ್‌ಗೆ ಮುಂದೂಡಬಹುದಾ ಅಂತ ಅಡ್ಮಿಷನ್‌ಗೆ ಕೇಳಿ. ಜೊತೆಗೆ ಸ್ಕಾಲರ್‌ಶಿಪ್ ಮತ್ತು ಡೆಪಾಸಿಟ್ ಕೂಡ ಮುಂದಕ್ಕೆ ಬರುತ್ತಾ ಅಂತ ಕೇಳೋದು ಮರೀಬೇಡಿ. ಸೀಟು ಉಳಿದು ಸ್ಕಾಲರ್‌ಶಿಪ್ ಹೋಗೋದುಂಟು. ನಿಮ್ಮ ಐ-20ಗೆ ಕಟ್ಟಿದ 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ ಏನಾಗುತ್ತೆ ಅಂತಲೂ ಡಿಎಸ್‌ಒಗೆ ಕೇಳಿ, ಎರಡನೇ ಸಲ ಕಟ್ಟಲು ಹೋಗಬೇಡಿ.

ಪ್ರಶ್ನೆ (ಮೊದಲು ಕೇಳಿದ ವಿದ್ಯಾರ್ಥಿನಿ):

ಥ್ಯಾಂಕ್ಸ್ ಮೇಡಂ, ನೀವು ಹೇಳಿದ ಹಾಗೆ ಬೇರೆ ಬೇರೆ ಬರೆದೆ. ಎರಡಕ್ಕೆ ಮರುದಿನವೇ ಉತ್ತರ ಬಂತು! ಡೆಪಾಸಿಟ್‌ದು ಮಾತ್ರ ಬಂದಿಲ್ಲ. ದಿನಾ ಮೇಲ್ ಹಾಕಲಾ? ಫೋನ್ ಮಾಡಲಾ?

ಉತ್ತರ:

ತುಂಬಾ ಖುಷಿಯಾಯ್ತು. ದಿನಾ ಹಾಕಬೇಡಿ. ಬಂದ ಮೇಲ್‌ಗಳಿಗೆ ನಂಬರ್ ಕೊಟ್ಟು ಹಂಚುವ ಕೆಲವು ಟಿಕೆಟ್ ವ್ಯವಸ್ಥೆಗಳಲ್ಲಿ ಹೊಸ ಮೇಲ್ ಬಂದ ಹಾಗೆ ಹೊಸ ಟಿಕೆಟ್ ಹುಟ್ಟುತ್ತೆ, ಒಂದೇ ಪ್ರಶ್ನೆ ಮೂರು ಜನರ ಹತ್ತಿರ ಹೋಗಿ ಮೂರು ಉತ್ತರ ಬರುತ್ತೆ. ಒಂದು ವಾರ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಮಾಡಿ, 'ಡೆಪಾಸಿಟ್‌ಗೆ ಕೊನೆ ದಿನ ಇಂಥದ್ದು, ಅದಕ್ಕೆ ಮೊದಲು ಉತ್ತರ ಬೇಕಿತ್ತು' ಅಂತ ಸೇರಿಸಿ. ಗಡುವು ಕಂಡರೆ ಮೇಲ್ ಮೇಲಕ್ಕೆ ಬರುತ್ತೆ.

ಗಡುವು ತೀರಾ ಹತ್ತಿರ ಇದ್ದರೆ ಫೋನ್ ಮಾಡಿ, ಹಿಂಜರಿಕೆ ಬೇಡ. ಬೇಸಿಗೆಯಲ್ಲಿ ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 9 ಗಂಟೆ ಅಂದರೆ ಭಾರತದಲ್ಲಿ ಸಂಜೆ 6:30, ಕ್ಯಾಲಿಫೋರ್ನಿಯಾದ 9 ಗಂಟೆ ಅಂದರೆ ರಾತ್ರಿ 9:30. ಆಫೀಸ್ ತೆಗೆದ ತಕ್ಷಣ ಮಾಡಿದರೆ ಸಾಲು ಕಮ್ಮಿ. ಬಹಳ ಕಡೆ ಜೂಮ್‌ನಲ್ಲಿ ಅಪಾಯಿಂಟ್‌ಮೆಂಟ್ ಇಲ್ಲದೇ ಮಾತಾಡೋ ಸಮಯವೂ ಇರುತ್ತೆ. ಮಾತು ಮುಗಿದ ಮೇಲೆ ಅವರ ಹೆಸರು ಬರೆದುಕೊಳ್ಳಿ, ಅವತ್ತೇ ಆ ಆಫೀಸ್‌ಗೆ ಒಂದು ಮೇಲ್ ಹಾಕಿ: 'ಇವತ್ತು ಫೋನ್‌ನಲ್ಲಿ ನನಗೆ ಅರ್ಥವಾಗಿದ್ದು ಇಷ್ಟು: ವೀಸಾ ನಿರಾಕರಣೆ ಪತ್ರ ಕೊಟ್ಟರೆ ಡೆಪಾಸಿಟ್ ವಾಪಸ್ ಸಿಗುತ್ತದೆ. ತಪ್ಪಿದ್ದರೆ ದಯವಿಟ್ಟು ತಿಳಿಸಿ.' ಆ ಮೇಲ್‌ಗೆ ಉತ್ತರ ಬಂದ ಮೇಲೆ ಹಣ ಕಟ್ಟಿ.