ವಿಲ್ ಬರೆಯೋದನ್ನ ಎಲ್ಲಿಂದ ಕಲಿಯಬೇಕು? ಜೂನಿಯರ್ ವಕೀಲರ ಪ್ರಶ್ನೆ

ಪ್ರಶ್ನೆ: ಸರ್, ನಮ್ಮ ಆಫೀಸಲ್ಲಿ ವಿಲ್ ಬರೆಯೋದು ಅಂದ್ರೆ ಹಳೇ ಡ್ರಾಫ್ಟ್ ತೆಗೆದು ಹೆಸರು, ಶೆಡ್ಯೂಲು (ಆಸ್ತಿಯ ವಿವರ), ಚಕ್ಕುಬಂದಿ ಬದಲಾಯಿಸೋದು, ಅಷ್ಟೇ. ಈಗೊಬ್ಬ ಹಿರಿಯರು ಇಡೀ ಮನೆ ಕಿರಿಮಗನಿಗೆ ಅಂತಿದ್ದಾರೆ. ದೊಡ್ಡ ಮಗ, ಮಗಳಿಗೆ ಏನೂ ಇಲ್ಲ. ಅವರನ್ನ ಕರ್ಕೊಂಡು ಬಂದಿದ್ದೂ ಕಿರಿಮಗನೇ. ಈ ಕೆಲಸ ಸರಿಯಾಗಿ ಕಲಿಯೋದು ಹೇಗೆ?

ಉತ್ತರ: ಡ್ರಾಫ್ಟ್ ಬದಿಗಿಡಿ. ವಿಲ್ ವ್ಯಾಜ್ಯದ ಮುಗಿದ ಫೈಲೊಂದನ್ನು ಹುಡುಕಿ, ಸಾಕ್ಷಿಗೆ ಎದುರು ವಕೀಲರು ಹಾಕಿದ ಪ್ರಶ್ನೆಗಳನ್ನು, ಅಂದರೆ ಪಾಟೀಸವಾಲನ್ನು ಓದಿ. ಟೈಪ್ ಮಾಡಿಸಿದ್ದು ಯಾರು, ಓದಿ ಹೇಳಿದ್ದು ಯಾರು, ಅವರು ಸಹಿ ಹಾಕುವಾಗ ನೀವು ಎಲ್ಲಿದ್ರಿ? ವಿಲ್ ಬರೆಸಿದವರು ಆಗ ಬದುಕಿರೋದಿಲ್ಲ, ಉತ್ತರ ಹೇಳೋಕೆ ಬರೋದಿಲ್ಲ. ಈ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು.

ಆಮೇಲೆ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ತೀರ್ಪು ಪೂರ್ತಿ ಓದಿ, ಮೇಲಿರುವ ಸಾರಾಂಶ (ಹೆಡ್‌ನೋಟ್) ಮಾತ್ರ ಅಲ್ಲ. 1959ರಲ್ಲಿ ವರದಿಯಾದದ್ದು, ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ನಮ್ಮದೇ ಕೇಸು. ವಿಲ್ ಬರೆಸೋದರಲ್ಲಿ ಮುಂದಾಳಾಗಿ ಓಡಾಡಿದವರ ಕಡೆಗೇ ಲಾಭ ಹೋದರೆ ಅದು ಅನುಮಾನಾಸ್ಪದ ಸಂದರ್ಭ. ಆ ಅನುಮಾನ ತೊಡೆಯುವ ಹೊಣೆ ವಿಲ್ ಮುಂದಿಟ್ಟವರದ್ದು. ನಿಮ್ಮ ಕಿರಿಮಗ ಸರಿಯಾಗಿ ಅಲ್ಲೇ ನಿಂತಿದ್ದಾನೆ.

ಹಾಗಾಗಿ ಅವನನ್ನು ಹೊರಗೆ ಕೂರಿಸಿ, ಯಜಮಾನರ ಜೊತೆ ಒಬ್ಬರೇ ಮಾತಾಡಿ. ಮಿಕ್ಕಿಬ್ಬರಿಗೆ ಯಾಕಿಲ್ಲ ಅಂತ ನೇರವಾಗಿ ಕೇಳಿ. ಹೇಳಿದ ಕಾರಣವನ್ನು ಅವರ ಮಾತಲ್ಲೇ ಬರೆಯಿರಿ. 'ಪ್ರೀತಿ ವಿಶ್ವಾಸದಿಂದ' ಅಂತ ಗೀಚೋದು ಕೆಲಸಕ್ಕೆ ಬಾರದು. ದೊಡ್ಡ ಮಗ, ಮಗಳ ಹೆಸರು ವಿಲ್‌ನಲ್ಲಿ ಬರಲೇಬೇಕು, ಮರೆತು ಬಿಟ್ಟರು ಅನ್ನಿಸಬಾರದು. ಮನೆ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಅನ್ನೋದಕ್ಕೆ ಬಾಯಿಮಾತು ಬೇಡ, ಮೂಲಪತ್ರ ನೋಡಿ. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಕಲಂ 30ರ ಪ್ರಕಾರ ತಮ್ಮ ಪಾಲಿಗಷ್ಟೇ ವಿಲ್ ಬರೆಯಬಹುದು. 2005ರ ತಿದ್ದುಪಡಿ ಆದಮೇಲೆ ಮಗಳೂ ಪಾಲುದಾರಳೇ.

ಡ್ರಾಫ್ಟ್ ಆದಮೇಲೆ ಇನ್ನೊಬ್ಬ ಜೂನಿಯರ್‌ಗೆ ಕೊಟ್ಟು, ಎದುರು ಪಾರ್ಟಿ ವಕೀಲರ ಹಾಗೆ ಒಂದೊಂದು ವಾಕ್ಯವನ್ನೂ ಕೆದಕೋಕೆ ಹೇಳಿ. ಇದಕ್ಕಿಂತ ಒಳ್ಳೇ ತರಬೇತಿ ನನಗೆ ಗೊತ್ತಿಲ್ಲ.

ಪ್ರಶ್ನೆ: ರಿಜಿಸ್ಟರ್ ಮಾಡಿಸಿಬಿಟ್ರೆ ಸಾಕಲ್ವಾ ಸರ್? ಕಿರಿ ಸೊಸೆ ಸಾಕ್ಷಿ ಹಾಕ್ತೀನಿ ಅಂತಿದ್ದಾರೆ.

ಉತ್ತರ: ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದ್ರೆ ಒಳ್ಳೇದೇ. ಆದ್ರೆ ನೋಂದಣಿಯಾದ ವಿಲ್ಲನ್ನೂ ರುಜುವಾತು ಮಾಡಲೇಬೇಕು. ಸಹಿ ಹಾಕಿದ ಸಾಕ್ಷಿ ಬದುಕಿದ್ದು, ಕೋರ್ಟಿಗೆ ಬರುವ ಸ್ಥಿತಿಯಲ್ಲಿದ್ದರೆ, ಒಬ್ಬರನ್ನಾದರೂ ಕರೆಸಬೇಕು (ಭಾರತೀಯ ಸಾಕ್ಷ್ಯ ಅಧಿನಿಯಮ, ಕಲಂ 67). ಅದಕ್ಕೇ ಯಜಮಾನರ ಓರಗೆಯ ಸ್ನೇಹಿತರು ಬೇಡ, ವಯಸ್ಸಲ್ಲಿ ಚಿಕ್ಕವರನ್ನು ಹಾಕಿಸಿ.

ಸೊಸೆ ಬೇಡ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲೂ ಒಂದು ಕಲಂ 67 ಇದೆ, ಗೊಂದಲ ಮಾಡ್ಕೋಬೇಡಿ. ಸಾಕ್ಷಿಗೋ ಸಾಕ್ಷಿಯ ಗಂಡ/ಹೆಂಡತಿಗೋ ಬರೆದ ಆಸ್ತಿ ಅವರಿಗೆ ಸಿಗೋದಿಲ್ಲ ಅನ್ನುತ್ತೆ. ಹಿಂದೂಗಳಿಗೆ ಅದು ಅನ್ವಯಿಸಲ್ಲ, ಆದರೂ ಅನುಮಾನಕ್ಕೆ ನಾವೇ ಯಾಕೆ ದಾರಿ ಮಾಡಿಕೊಡಬೇಕು? ಕ್ರೈಸ್ತ ಕಕ್ಷಿದಾರರಾದರೆ ಕೊಟ್ಟದ್ದೇ ಹೋಗುತ್ತೆ.

ಇನ್ನೊಬ್ಬರು: ಅದೇ ಡ್ರಾಫ್ಟ್ ಮುಸ್ಲಿಂ ಕಕ್ಷಿದಾರರಿಗೂ ನಡೆಯುತ್ತಾ ಸರ್?

ಉತ್ತರ: ಖಂಡಿತ ಇಲ್ಲ. ಅಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡೋಕೆ ಬರಲ್ಲ. ಸುನ್ನಿಗಳಲ್ಲಿ ವಾರಸುದಾರನಿಗೇ ಬರೆಯಬೇಕಾದರೆ ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು. ಅವರಿಗೆ ಹೊಸದಾಗಿ ಕೂತು ಬರೆಯಿರಿ.