ಸಹಾಯ ಬೇಕು: ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಮೊತ್ತವನ್ನು ವರ್ಷದ ಮಧ್ಯೆ ಇಳಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ ನಾಲ್ಕು ವರ್ಷ. ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಅಂದರೆ ಮಗುವಿನ ಡೇ-ಕೇರ್ ಖರ್ಚಿಗೆ ಅಂತ ಟ್ಯಾಕ್ಸ್ ಹಿಡಿಯುವ ಮುನ್ನ ಸಂಬಳದಿಂದ ದುಡ್ಡು ತೆಗೆದಿಡುವ ಖಾತೆ. 2026ಕ್ಕೆ ಅದರ ವಾರ್ಷಿಕ ಮಿತಿ 5,000ದಿಂದ 7,500 ಡಾಲರ್‌ಗೆ ಏರಿತಲ್ಲ, ಪೂರ್ತಿ ಬರೆಸಿಬಿಟ್ಟೆ. ಡೇ-ಕೇರ್‌ಗೆ ಅದೂ ಸಾಲದು ಅನ್ನುವ ಲೆಕ್ಕ ನಮ್ಮದು.

ಈಗ ಮೈಸೂರಿನಿಂದ ಅಮ್ಮ ಆರು ತಿಂಗಳಿಗೆ ಬಂದಿದ್ದಾರೆ. ಮೊಮ್ಮಗಳನ್ನು ತಾನೇ ನೋಡ್ಕೋತೀನಿ ಅಂತ ಹಟ. ಡೇ-ಕೇರ್ ಬಿಡಿಸಿದೆವು. ಆದರೆ ಸಂಬಳದಲ್ಲಿ ದುಡ್ಡು ಹಿಡಿಯುವುದು ನಿಂತಿಲ್ಲ. ಈ ಖಾತೆಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯುವ ಹಾಗಿಲ್ಲ. ನಮ್ಮ ಪ್ಲಾನ್‌ನಲ್ಲಿ ಗ್ರೇಸ್ ಪೀರಿಯಡ್ (ವರ್ಷ ಮುಗಿದ ಮೇಲೂ ಖರ್ಚು ಮಾಡಲು ಸಿಗುವ ಹೆಚ್ಚುವರಿ ಸಮಯ) ಕೂಡ ಇಲ್ಲ. ದುಡಿದ ದುಡ್ಡು ಸುಮ್ನೆ ಹೋಗುತ್ತೆ ಅಂದರೆ ಸಂಕಟವಾಗುತ್ತದೆ.

 

ಡೇ-ಕೇರ್ ಬಿಟ್ಟಾಗ ಮೊತ್ತ ಇಳಿಸಲು ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ನಿಯಮದಲ್ಲಿ ಅವಕಾಶವಿದೆ, ಅಲ್ವಾ? ಎಚ್‌ಆರ್‌ನವರು ಮಾತ್ರ ಓಪನ್ ಎನ್‌ರೋಲ್‌ಮೆಂಟ್ (ವರ್ಷಕ್ಕೊಮ್ಮೆ ಇಂಥ ಸೌಲಭ್ಯಗಳನ್ನು ಆರಿಸುವ ಅವಧಿ) ತನಕ ಕಾಯಿರಿ ಅಂತಿದ್ದಾರೆ. ನಮ್ಮ ಪ್ಲಾನ್ ಪ್ರಕಾರ 30 ದಿನದೊಳಗೆ ಅರ್ಜಿ ಕೊಡಬೇಕು. ಆಗಲೇ 12 ದಿನ ಆಯ್ತು.

ಮಾಡಿಸಿದವರು ದಯವಿಟ್ಟು ಹೇಳಿ, ಯಾವ ದಾಖಲೆ ಕೊಟ್ಟಿರಿ? ಮಗುವನ್ನು ಬಿಡಿಸಿದ ದಿನಾಂಕವಿರುವ ಡೇ-ಕೇರ್ ಪತ್ರ ಸಾಕಾ?